ಪಿ.ಜೆ. ಬಡಾವಣೆಯ ಡಿಟಿಪಿ ಅಂಗಡಿಯಲ್ಲಿ ಬರೆಸಿದ ಕವರ್ ಲೆಟರ್

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಟೈಪಿಂಗ್ ಕಲಿಸುವ ಹಿರಿಯರೊಬ್ಬರು ಪಕ್ಕದಲ್ಲೇ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಬಯೋಡೇಟಾ ಜೊತೆ ಕವರ್ ಲೆಟರ್ (ಕೆಲಸ ಕೇಳಿ ಅದರೊಂದಿಗೆ ಕಳಿಸುವ ಪತ್ರ) ಕೂಡ ಬರೆದುಕೊಡುತ್ತಾರೆ; ಪತ್ರಕ್ಕೆ 150 ರೂಪಾಯಿ. ಈಗ ಅದನ್ನೆಲ್ಲ ಯಾರು ಓದ್ತಾರೆ ಅಂತ ಕೇಳುವವರಿದ್ದಾರೆ. ಎಲ್ಲರೂ ಓದಲ್ಲ, ನಿಜ. ಓದುವವರಿಗೆ ಕಳಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನಾನು ಅಕೌಂಟ್ಸ್ ಕೆಲಸದವಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದರಿಂದ ಬಯೋಡೇಟಾದಲ್ಲಿ 2021ರಿಂದ 2024ರವರೆಗೆ ಖಾಲಿ. ಮೊದಲು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಒಂದು ಪತ್ರ ಬರೆಸಿದ್ದೆ. ಹಾರ್ಡ್ ವರ್ಕಿಂಗ್, ಡೈನಾಮಿಕ್, ಟೀಮ್ ಪ್ಲೇಯರ್ ಅಂತ ತುಂಬಿಸಿದ್ದರು. ಹೆಸರು ಬದಲಿಸಿ ಯಾರು ಬೇಕಾದರೂ ಕಳಿಸಬಹುದು. ಖಾಲಿ ವರ್ಷಗಳ ಬಗ್ಗೆ ಮಾತೇ ಇಲ್ಲ.

ಹಿರಿಯರು ಅದನ್ನು ಓದಿ ಪಕ್ಕಕ್ಕಿಟ್ಟರು. "ಇದಿರ್ಲಿ ಬಿಡವ್ವಾ, ಹಿಂದಿನ ಆಫೀಸಿನಾಗೆ ತಿಂಗಳಾ ತಿಂಗಳಾ ಏನ್ ಮಾಡ್ತಿದ್ದಿ, ಅದನ್ನ ಹೇಳು" ಎಂದರು. ಹೇಳಿದೆ: 14ಕ್ಕೆ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬಂದ ಕೂಡಲೇ ಖರೀದಿ ಬಿಲ್‌ಗಳ ಜೊತೆ ತಾಳೆ ನೋಡುವುದು, ಬಿಲ್ ತೋರಿಸದ ಸಪ್ಲೈಯರ್‌ಗೆ ಫೋನ್ ಮಾಡಿ ಮುಂದಿನ ತಿಂಗಳಿಗಾದರೂ ಹಾಕಿಸುವುದು. ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶ) ಸಿಗದೆ ಮಾಲೀಕರ ಕೈಯಿಂದ ದುಡ್ಡು ಹೋಗುತ್ತದೆ. ಇಷ್ಟನ್ನೇ ಅವರು ಪತ್ರದ ನಡುವಿಗೆ ಇಟ್ಟರು. ಕೆಳಗೆ ಒಂದೇ ಸಾಲು: ಮಗುವಿಗಾಗಿ ಕೆಲಸ ಬಿಟ್ಟಿದ್ದೆ, ಈಗ ಪೂರ್ತಿ ದಿನ ಬರಬಲ್ಲೆ. ಬೇರೆ ಫೈಲ್ ಮಾಡದೆ ಮೇಲ್‌ನಲ್ಲೇ ಬರೆದು ಕಳಿಸು ಎಂದದ್ದೂ ಅವರೇ.

ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರು ಕರೆದರು. ಕೂತ ತಕ್ಷಣ ಕೇಳಿದ್ದು 2ಬಿ ವಿಷಯ. ಮಧ್ಯದ ವರ್ಷಗಳ ಬಗ್ಗೆ ಯಾರೂ ಕೆದಕಲಿಲ್ಲ. ಈಗ ಅಲ್ಲೇ ಕೆಲಸದಲ್ಲಿದ್ದೇನೆ.

ಮಾಲೀಕರೇ ಮೇಲ್ ತೆರೆಯುವ ಅಂಗಡಿ, ಆಡಿಟರ್ ಆಫೀಸು, ಶಾಲೆಗಳಿಗೆ ಇಂಥ ಪತ್ರ ಬೇಕೇ ಬೇಕು. ಕೆಲಸ ಬಿಟ್ಟು ಮರಳುವವರಿಗೆ, ಊರು ಅಥವಾ ಕ್ಷೇತ್ರ ಬದಲಿಸುವವರಿಗಂತೂ ಇನ್ನೂ ಬೇಕು. ಕೆಲಸ ಹುಡುಕುವ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ನೇರ ಅರ್ಜಿ ಹಾಕುವ ಈಸಿ ಅಪ್ಲೈಯಲ್ಲಿ ಎಷ್ಟೋ ಕಡೆ ಅದಕ್ಕೆ ಜಾಗವೇ ಇರಲ್ಲ. ಅಲ್ಲಿಗೆ ಬರೆಸುವುದು ದಂಡ.

ಕೊರತೆಯೂ ಇದೆ. ಅವರ ಇಂಗ್ಲಿಷ್ ಹಳೇ ಕಾಲದ್ದು, 'ರೆಸ್ಪೆಕ್ಟೆಡ್ ಸರ್' ತೆಗೆಸಲು ನಾನು ಎರಡು ಸಲ ಹೇಳಬೇಕಾಯಿತು. ಸಂಜೆ ಟೈಪಿಂಗ್ ಮಕ್ಕಳ ಗದ್ದಲ, ಕೂತು ಮಾತಾಡಲು ಆಗಲ್ಲ. ಬೆಳಿಗ್ಗೆ ಹೋಗಿ, ಕೆಲಸದ ಜಾಹೀರಾತಿನ ಪ್ರಿಂಟ್ ತಗೊಂಡು ಹೋಗಿ. ಅದಿಲ್ಲದೆ ಅವರು ಬರೆಯಲು ಕೂರುವುದಿಲ್ಲ.