ವಿಂಡೋಸ್ 11ರ ಇತ್ತೀಚಿನ ಕಡತಗಳ ಪಟ್ಟಿ: ಕೈಗೆ ಹತ್ತಿರ, ನೆನಪಿಗೆ ದೂರ

ವಿಂಡೋಸ್ 11ರಲ್ಲಿ ಇತ್ತೀಚೆಗೆ ತೆರೆದ ಕಡತಗಳು ಮೂರು ಕಡೆ ಕಾಣಸಿಗುತ್ತವೆ: ಸ್ಟಾರ್ಟ್ ಮೆನುವಿನ ‘ರೆಕಮೆಂಡೆಡ್’ ಭಾಗದಲ್ಲಿ, ಫೈಲ್ ಎಕ್ಸ್‌ಪ್ಲೋರರ್‌ನ ‘ಹೋಮ್’ ಪುಟದಲ್ಲಿ, ಮತ್ತು ಟಾಸ್ಕ್‌ಬಾರ್‌ನ ಐಕಾನ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿದಾಗ ತೆರೆದುಕೊಳ್ಳುವ ಜಂಪ್ ಲಿಸ್ಟ್‌ನಲ್ಲಿ. ನಿನ್ನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಇಂದು ಮುಂದುವರಿಸಲು ಇವುಗಳಷ್ಟು ಒದಗಿಬರುವ ಸೌಲಭ್ಯ ಬೇರೆ ಇಲ್ಲ.

ಈ ಏರ್ಪಾಡು ಹೊಸದೇನಲ್ಲ. ವಿಂಡೋಸ್ 95ರ ಸ್ಟಾರ್ಟ್ ಮೆನುವಿನಲ್ಲೇ ಕೊನೆಯದಾಗಿ ತೆರೆದ 15 ದಾಖಲೆಗಳ ಪಟ್ಟಿಯಿತ್ತು. ಜಂಪ್ ಲಿಸ್ಟ್ ಬಂದದ್ದು 2009ರ ವಿಂಡೋಸ್ 7ರೊಂದಿಗೆ. ಅಂದಿನ ಪಟ್ಟಿ ಮೆನುವಿನ ಒಳಗಿತ್ತು, ಬೇಕಾದವರು ಅಲ್ಲಿಗೆ ಹೋಗಿ ನೋಡುತ್ತಿದ್ದರು. ಈಗ ಎಕ್ಸ್‌ಪ್ಲೋರರ್ ತೆರೆದೊಡನೆ ಅದೇ ಎದುರು ನಿಲ್ಲುವುದರಿಂದ, ಕಡತವನ್ನು ಯಾವ ಫೋಲ್ಡರ್‌ನಲ್ಲಿ ಇಡುತ್ತಿದ್ದೇವೆ, ಅದಕ್ಕೆ ಯಾವ ಹೆಸರು ಕೊಡುತ್ತಿದ್ದೇವೆ ಎಂದು ಯೋಚಿಸುವ ರೂಢಿಯೇ ಮೆಲ್ಲಗೆ ತಪ್ಪುತ್ತದೆ. ತಿಂಗಳುಗಟ್ಟಲೆ ಮುಟ್ಟದ ಕಡತವೊಂದು ಬೇಕಾದಾಗಲೇ ಆ ನಷ್ಟ ಅರಿವಿಗೆ ಬರುವುದು.

ಪಟ್ಟಿಗೆ ಗೊತ್ತಿರುವುದು ಕಡತವನ್ನು ತೆರೆದ ಹೊತ್ತು ಮಾತ್ರ. ಮೂರು ದಿನ ಕೂತು ತಿದ್ದಿದ ಬರಹವೂ ಅರೆಕ್ಷಣ ಇಣುಕಿ ನೋಡಿದ ಕಡತವೂ ಅದಕ್ಕೆ ಒಂದೇ. ಬೇರೊಂದು ಬರವಣಿಗೆಯ ತಂತ್ರಾಂಶದಲ್ಲಿ ನಾನು ಹೋಲಿಸಿ ನೋಡಲೆಂದು ಹಳೆಯ ಕರಡನ್ನು ಒಮ್ಮೆ ತೆರೆದಿದ್ದೆ. ಮರುದಿನ ಬೆಳಿಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಅದೇ ಕರಡನ್ನು ಹೊಸದೆಂದು ನಂಬಿ ಮಧ್ಯಾಹ್ನದವರೆಗೂ ತಿದ್ದುತ್ತ ಕುಳಿತೆ. ಅಂದಿನಿಂದ ಮೇಲಿನ ಸಾಲನ್ನು ಕಣ್ಣುಮುಚ್ಚಿ ಒತ್ತುವುದಿಲ್ಲ.

ಈ ಕಾರಣಕ್ಕೇ ಜಂಪ್ ಲಿಸ್ಟ್‌ನ ‘ಪಿನ್’ ಸೌಲಭ್ಯ ನನಗೆ ಬಹಳ ಮೆಚ್ಚುಗೆಯಾಗಿದೆ. ಪಿನ್ ಮಾಡಿದ ಕಡತ, ಆಮೇಲೆ ಎಷ್ಟು ಕಡತಗಳನ್ನು ತೆರೆದರೂ ಜಾಗ ಬಿಟ್ಟು ಕದಲುವುದಿಲ್ಲ. ಯಾವುದು ಮುಖ್ಯ ಎಂಬ ತೀರ್ಮಾನ ಬಳಸುವವರ ಕೈಯಲ್ಲೇ ಉಳಿಯುತ್ತದೆ.

ನಾನು ಬಳಸಿದ ಆವೃತ್ತಿಗಳಲ್ಲಿ ಕಂಡ ದೊಡ್ಡ ಕೊರತೆ ಸೆಟ್ಟಿಂಗ್ಸ್‌ನಲ್ಲಿದೆ. ಸಭೆಯಲ್ಲಿ ಪರದೆ ಹಂಚಿಕೊಳ್ಳುವಾಗ ಕಡತಗಳ ಹೆಸರು ಇತರರಿಗೆ ಕಾಣದಿರಲೆಂದು ಸ್ಟಾರ್ಟ್ ಮೆನುವಿನ ಪಟ್ಟಿಯನ್ನು ನಿಲ್ಲಿಸಿದರೆ, ಅದೇ ಸ್ವಿಚ್ ಜಂಪ್ ಲಿಸ್ಟ್‌ನ ಇತ್ತೀಚಿನ ಕಡತಗಳನ್ನೂ ಮರೆಮಾಡುತ್ತದೆ. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರಲೇಬೇಕಿತ್ತು. ಸದ್ಯಕ್ಕೆ ನಾನು ಆ ಸ್ವಿಚ್ಚನ್ನು ಹಾಗೆಯೇ ಬಿಟ್ಟು, ಎಕ್ಸ್‌ಪ್ಲೋರರ್ ಮಾತ್ರ ಕಂಪ್ಯೂಟರಿನ ಡ್ರೈವ್‌ಗಳನ್ನು ತೋರಿಸುವ ‘ದಿಸ್ ಪಿಸಿ’ ಪುಟದಲ್ಲಿ ತೆರೆಯುವಂತೆ ಬದಲಿಸಿಕೊಂಡಿದ್ದೇನೆ, ಫೋಲ್ಡರ್‌ಗಳ ದಾರಿ ಮತ್ತೆ ನೆನಪಿನಲ್ಲಿ ನಿಲ್ಲತೊಡಗಿದೆ.