ಮೊದಲ ಸೆಸ್ನಾ 172: ಯಾವ ಮೆಕ್ಯಾನಿಕ್ ಕೈಯಲ್ಲಿ ನೋಡಿಸಬೇಕು?

ಅಮೆರಿಕದಲ್ಲಿ ಹಳೆಯ ಸೆಸ್ನಾ 172 (ನಾಲ್ಕು ಸೀಟಿನ ಚಿಕ್ಕ ವಿಮಾನ) ಕೊಳ್ಳುವವರಿಗೆ, ಕೊಳ್ಳುವ ಮುಂಚೆ ಅದನ್ನು ಪರೀಕ್ಷೆ ಮಾಡಿಸಲು ಎರಡು ದಾರಿ: ಮಾರುವವರ ಮೆಕ್ಯಾನಿಕ್, ಇಲ್ಲವೇ ಹೊರಗಿನ ಮೆಕ್ಯಾನಿಕ್.

ಮಾರುವವರ ಮೆಕ್ಯಾನಿಕ್‌ಗೆ ಆ ವಿಮಾನದ ಒಳಗೆಲ್ಲ ಗೊತ್ತು. ಕೆಲಸ ಬೇಗ ಮುಗಿಯುತ್ತದೆ. ಆದರೆ ಹೋದ ವರ್ಷ ತಾನೇ ಸಹಿ ಹಾಕಿದ ಕೆಲಸದಲ್ಲಿ ತಪ್ಪು ಹುಡುಕುವುದು ಯಾರಿಗಾದರೂ ಕಷ್ಟ, ಅಲ್ವಾ?

ಹೊರಗಿನವರಾದರೆ ನಿಮಗೆ ಖರ್ಚು ಜಾಸ್ತಿಯಾಗಬಹುದು. ಆದರೆ ಅವರು ನಿಮ್ಮ ಪರ ನೋಡುತ್ತಾರೆ. ಸುಮ್ನೆ ಲೈಸೆನ್ಸ್ ಇದ್ದರೆ ಸಾಲದು, 172ರಲ್ಲೇ ಪಳಗಿದವರು ಬೇಕು. 1968ರ ಮಾದರಿಯಿಂದ ಹೆಚ್ಚಿನ 172ಗಳಲ್ಲಿ ಲೈಕಮಿಂಗ್ ಕಂಪನಿಯ ಎಂಜಿನ್. ಅದರ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಎಂಜಿನ್ನಿನ ಮೇಲ್ಗಡೆ ಇರುತ್ತದೆ. ವಿಮಾನ ತಿಂಗಳುಗಟ್ಟಲೆ ಹಾರದೆ ನಿಂತರೆ ಎಣ್ಣೆ ಕೆಳಗಿಳಿದು ಅಲ್ಲಿ ತುಕ್ಕು ಹಿಡಿಯಬಹುದು. ಕಂಪ್ರೆಷನ್ ಪರೀಕ್ಷೆ (ಸಿಲಿಂಡರುಗಳು ಗಾಳಿಯ ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವುದು) ಚೆನ್ನಾಗಿ ಬಂದರೂ ಇದು ಅಡಗಿರಬಹುದು. ಇದರ ಬಗ್ಗೆ ಕೇಳಿದಾಗ ತಡವರಿಸುವವರು ಬೇಡ.

ನಾನಾದರೆ ಹೊರಗಿನವರನ್ನೇ ಆರಿಸುತ್ತೇನೆ. ಲಾಗ್‌ಬುಕ್ಕಿನಲ್ಲಿ (ವಿಮಾನದ ರಿಪೇರಿ ದಾಖಲೆ) ಏನಾದರೂ ಅರ್ಥವಾಗದಿದ್ದರೆ ಮಾರುವವರ ಮೆಕ್ಯಾನಿಕ್‌ಗೂ ಒಂದು ಫೋನ್ ಮಾಡಿ.