ಮಾದರಿ ಕಾರುಗಳಿಗೆ ಮಿನಿಯೇಚರ್ ಬಣ್ಣ ಮತ್ತು ವಾಶ್: ಎಂಜಿನ್‌ಗೆ ಹೌದು, ಹೊರಮೈಗೆ ಯೋಚಿಸಿ

ಯುದ್ಧದ ಆಟಗಳ ಪುಟ್ಟ ಬೊಂಬೆಗಳಿಗೆಂದು (ಮಿನಿಯೇಚರ್‌ಗಳಿಗೆಂದು) ತಯಾರಾಗುವ ನೀರು ಆಧಾರಿತ ಆಕ್ರಿಲಿಕ್ ಬಣ್ಣಗಳನ್ನು ಪ್ಲಾಸ್ಟಿಕ್ ಮಾದರಿ ಕಾರುಗಳಿಗೂ ಬಳಸಬಹುದೇ ಎಂಬ ಪ್ರಶ್ನೆಯನ್ನು ಈ ಹವ್ಯಾಸಕ್ಕೆ ಹೊಸಬರೂ ಕೇಳುತ್ತಾರೆ, ವರ್ಷಗಳಿಂದ ದ್ರಾವಕ ಆಧಾರಿತ ಎನಾಮೆಲ್ ಮತ್ತು ಲ್ಯಾಕರ್ ಬಣ್ಣಗಳನ್ನೇ ನೆಚ್ಚಿಕೊಂಡವರೂ ಕೇಳುತ್ತಾರೆ. ಸಿಟಡೆಲ್ ಕಂಪನಿಯ ಶೇಡ್‌ಗಳು (ವಾಶ್‌ಗೆ ಆ ಕಂಪನಿ ಇಟ್ಟ ಹೆಸರು), ವಲೆಹೋ ಕಂಪನಿಯ ಮಾಡೆಲ್ ಕಲರ್ ಮತ್ತು ವಾಶ್‌ಗಳು, ಆರ್ಮಿ ಪೇಂಟರ್ ಕಂಪನಿಯ ಕ್ವಿಕ್‌ಶೇಡ್ ವಾಶ್‌ಗಳು, ಇಷ್ಟನ್ನೂ 1/24 ಪ್ರಮಾಣದ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಕಿಟ್‌ಗಳ ಮೇಲೆ ಬಳಸಿದ ನಂತರ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಂಜಿನ್, ಷಾಸಿ ಮತ್ತು ಕ್ಯಾಬಿನ್ನಿನ ಒಳಭಾಗಕ್ಕೆ ಇವುಗಳಷ್ಟು ಸುಲಭವಾಗಿ ಇಷ್ಟು ಒಳ್ಳೆಯ ಫಲ ಕೊಡುವ ಬಣ್ಣವನ್ನು ನಾನು ಕಂಡಿಲ್ಲ. ಹೊಳೆಯುವ ಹೊರಮೈಯ ವಿಷಯದಲ್ಲಿ ಮಾತ್ರ ಹಳೆಯ ಎನಾಮೆಲ್ ವಾಶ್ ಇನ್ನೂ ಮುಂದಿದೆ.

ವಾಶ್ ಎಂದರೆ ಬಣ್ಣದ ಕಣ ಕಡಿಮೆಯಿದ್ದು, ಅದನ್ನು ಹಿಡಿದಿಡುವ ಮಾಧ್ಯಮ ಹೆಚ್ಚಿರುವ ತೆಳು ದ್ರವ. ಅದರ ಮೇಲ್ಮೈ ಎಳೆತವನ್ನು ತಗ್ಗಿಸಿರುವುದರಿಂದ ಅದು ಉಬ್ಬಿದ ಭಾಗಗಳಿಂದ ಜಾರಿ ತಗ್ಗುಗಳಲ್ಲಿ, ಸಂದುಗಳಲ್ಲಿ, ಬೋಲ್ಟ್ ತಲೆಗಳ ಸುತ್ತ ಸೇರಿಕೊಂಡು ಅಲ್ಲಿಯೇ ಒಣಗುತ್ತದೆ. ನೆರಳು ಬೀಳಬೇಕಾದಲ್ಲಿ ನೆರಳು ತಾನಾಗಿ ಮೂಡುತ್ತದೆ. ಅದನ್ನು ಬರಿಯ ನೀರಿನಿಂದ ತೆಳುಗೊಳಿಸುವ ಅಭ್ಯಾಸ ಅನೇಕರಲ್ಲಿದೆ. ನೀರು ಹೆಚ್ಚಾದಷ್ಟೂ ಮೇಲ್ಮೈ ಎಳೆತ ಮತ್ತೆ ಏರುತ್ತದೆ, ಅಂಟು ದುರ್ಬಲವಾಗುತ್ತದೆ, ಒಣಗಿದ ಮೇಲೆ ಅಂಚಿನಲ್ಲಿ ಉಂಗುರದಂತಹ ಕಲೆ ಉಳಿಯುತ್ತದೆ. ಆಯಾ ಕಂಪನಿಯ ಮೀಡಿಯಂ ಅನ್ನೇ, ಅಂದರೆ ಬಣ್ಣದ ಕಣವಿಲ್ಲದ ಬರಿಯ ಮಾಧ್ಯಮವನ್ನೇ, ಬೆರೆಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಆದ್ದರಿಂದ ವಾಶ್ ಕೊಳ್ಳುವಾಗ ಮೀಡಿಯಂ ಸೀಸೆಯೊಂದನ್ನೂ ಜೊತೆಗೆ ಕೊಳ್ಳುವುದು ಒಳ್ಳೆಯದು.

ಈ ಬಣ್ಣಗಳ ನಿಜವಾದ ಶಕ್ತಿ ಕಾಣುವುದು ಎಂಜಿನ್ನಿನಲ್ಲಿ. ಕಿಟ್ಟಿನ ಎಂಜಿನ್ ಬ್ಲಾಕಿಗೂ ಗೇರ್‌ಬಾಕ್ಸಿಗೂ ಬೆಳ್ಳಿ ಬಣ್ಣ ಬಳಿದು ಬಿಟ್ಟರೆ ಅದು ಬೆಳ್ಳಿ ಬಳಿದ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಅದರ ಮೇಲೆ ಸಿಟಡೆಲ್‌ನ ಕಪ್ಪು ಶೇಡ್ ಆದ ನುಲ್ನ್ ಆಯಿಲ್ ಅನ್ನು ಒಂದು ಸುತ್ತು ಹಚ್ಚಿದರೆ ಎರಕದ ಅಲ್ಯುಮಿನಿಯಂನ ಮಂಕು ಬೂದು ಛಾಯೆ ಬರುತ್ತದೆ, ತಂಪುಕಾರಿ ರೆಕ್ಕೆಗಳು ಒಂದೊಂದಾಗಿ ಬೇರ್ಪಟ್ಟು ಕಾಣುತ್ತವೆ, ಅಚ್ಚಿನಲ್ಲಿ ಇದ್ದೂ ಇಲ್ಲದಂತಿದ್ದ ವಿವರಗಳು ಎದ್ದು ನಿಲ್ಲುತ್ತವೆ. ಕಂದು ಛಾಯೆಯ ಅಗ್ರಾಕ್ಸ್ ಅರ್ತ್‌ಶೇಡ್ ಅನ್ನು ಅದೇ ಬೆಳ್ಳಿಯ ಮೇಲೆ ಹಚ್ಚಿದರೆ ಎಣ್ಣೆಯೂ ಧೂಳೂ ಕುಳಿತ ಹಳೆಯ ಎಂಜಿನ್ನಿನ ನೋಟ ಬರುತ್ತದೆ. ಹೀಗಾಗಿ ಪ್ರದರ್ಶನದ ಕಾರಿಗೆ ಕಪ್ಪು, ಓಡಿ ದಣಿದ ಕಾರಿಗೆ ಕಂದು ಎಂದು ನಾನು ಪಾಲಿಸುತ್ತೇನೆ. ಸೈಲೆನ್ಸರ್ ಕೊಳವೆಗಳಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು: ಎಂಜಿನ್ನಿನ ಹತ್ತಿರದ ತುದಿಗೆ ನೀಲಿಯ ಡ್ರಾಕೆನ್‌ಹಾಫ್ ನೈಟ್‌ಶೇಡ್, ಅದರಾಚೆಗೆ ಕೆಂಗಂದು ಬಣ್ಣದ ರೈಕ್‌ಲ್ಯಾಂಡ್ ಫ್ಲೆಶ್‌ಶೇಡ್, ಎರಡನ್ನೂ ಮೀಡಿಯಂನಲ್ಲಿ ಚೆನ್ನಾಗಿ ತೆಳುಗೊಳಿಸಿ ಪದರ ಪದರವಾಗಿ ಹಚ್ಚುತ್ತಾ ಹೋದರೆ ಬಿಸಿಗೆ ಬಣ್ಣ ತಿರುಗಿದ ಲೋಹದ ಛಾಯೆ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆಯೇ ಸಿಗುತ್ತದೆ. ಬೊಂಬೆಗಳ ಚರ್ಮಕ್ಕೆಂದು ರೂಪಿಸಿದ ಬಣ್ಣವೊಂದು ಸುಟ್ಟ ಲೋಹಕ್ಕೆ ಇಷ್ಟು ಚೆನ್ನಾಗಿ ಒಪ್ಪುವುದು ನನಗೆ ಇಂದಿಗೂ ಸಂತೋಷದ ವಿಷಯ. ರೇಡಿಯೇಟರ್ ಜಾಲರಿ, ಬ್ರೇಕ್ ಡಿಸ್ಕ್, ಚಕ್ರದ ನಟ್ಟುಗಳು ಇವೆಲ್ಲಕ್ಕೂ ಇದೇ ವಿಧಾನ ಸಾಕು.

ಕ್ಯಾಬಿನ್ನಿನ ಒಳಗೆ ವಾಶ್‌ಗಿಂತ ಮೂಲ ಬಣ್ಣಗಳೇ ಹೆಚ್ಚು ಉಪಯುಕ್ತ. ವಲೆಹೋ ಮಾಡೆಲ್ ಕಲರ್ ಕುಂಚದಿಂದ ಹಚ್ಚಿದರೂ ಗೆರೆ ಬಿಡದೆ ಹರಡಿಕೊಂಡು ಮ್ಯಾಟ್ ಆಗಿ ಒಣಗುತ್ತದೆ. ಸೀಟು, ಡ್ಯಾಶ್‌ಬೋರ್ಡ್, ನೆಲದ ಹಾಸು, ಯಾವುದಕ್ಕೂ ಹೊಳಪು ಬೇಕಿಲ್ಲವಾದ್ದರಿಂದ ಇದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ; ಚರ್ಮದ ಸೀಟಿಗೆ ಮಾತ್ರ ಕೊನೆಯಲ್ಲಿ ಅರೆಹೊಳಪಿನ ವಾರ್ನಿಷ್ ಒಂದು ಪದರ ಕೊಡಬೇಕು. ತಿಳಿಗಂದು ಸೀಟಿನ ಹೊಲಿಗೆಯ ಗೆರೆಗಳಿಗೆ ತೆಳು ಕಂದು ವಾಶ್ ಇಳಿಸಿದರೆ ಸಾಕು, ಇಡೀ ಸೀಟಿನ ಮೇಲೆ ಹರಿಸಿದರೆ ಕೊಳೆಯಾದಂತೆ ಕಾಣುತ್ತದೆ. ಬಲವಾದ ವಾಸನೆಯ ದ್ರಾವಕವಿಲ್ಲದೆ, ಕುಂಚವನ್ನು ನೀರಿನಲ್ಲೇ ತೊಳೆದುಕೊಂಡು, ಮನೆಯೊಳಗೇ ಕುಳಿತು ಇಷ್ಟೆಲ್ಲ ಮಾಡಬಹುದು ಎಂಬುದು ಕಡಿಮೆ ಅನುಕೂಲವೇನಲ್ಲ.

ಇನ್ನು ಹೊರಮೈ. ಬಾಗಿಲು, ಬಾನೆಟ್, ಡಿಕ್ಕಿಗಳ ಸಂದುಗೆರೆಗಳನ್ನು ಎದ್ದು ಕಾಣಿಸಲು ಆಕ್ರಿಲಿಕ್ ವಾಶ್ ಬಳಸುವಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಸಮಯ. ಆಕ್ರಿಲಿಕ್ ವಾಶ್ ಕೆಲವೇ ನಿಮಿಷಗಳಲ್ಲಿ ಒಣಗಿ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಹೊಳಪಿನ ಮೇಲ್ಮೈಯಲ್ಲಿ ಗೆರೆಯಿಂದಾಚೆ ಹರಿದದ್ದನ್ನು ತಕ್ಷಣ ಒದ್ದೆ ಹತ್ತಿಕಡ್ಡಿಯಿಂದ ಒರೆಸಿಬಿಡಬೇಕು, ಒರೆಸುವಾಗಲೂ ಗೆರೆಯ ಉದ್ದಕ್ಕೆ ಎಳೆಯದೆ ಅದಕ್ಕೆ ಅಡ್ಡವಾಗಿ ಎಳೆಯಬೇಕು. ಟಮಿಯಾ ಕಂಪನಿಯ ಪ್ಯಾನೆಲ್ ಲೈನ್ ಆಕ್ಸೆಂಟ್ ಕಲರ್ ಎನಾಮೆಲ್ ಆಗಿರುವುದರಿಂದ ಅದು ಒಣಗಿದ ಬಳಿಕವೂ ಎನಾಮೆಲ್ ಥಿನ್ನರ್ ತಾಕಿಸಿ ನಿಧಾನವಾಗಿ ಒರೆಸಿಕೊಳ್ಳಬಹುದು, ಮುಚ್ಚಳದಲ್ಲೇ ಕುಂಚವೂ ಇರುತ್ತದೆ. ಆದರೆ ಎನಾಮೆಲ್ ಥಿನ್ನರ್ ಬಣ್ಣವಿಲ್ಲದ ಬರಿಯ ಪ್ಲಾಸ್ಟಿಕ್ಕಿನೊಳಕ್ಕೆ ಇಳಿದರೆ, ಅದರಲ್ಲೂ ಬಿಗಿಯಾಗಿ ಜೋಡಿಸಿದ ಭಾಗಗಳಲ್ಲಿ, ಪ್ಲಾಸ್ಟಿಕ್ ಬಿರುಕು ಬಿಡುವ ಅಪಾಯವಿದೆ. ಆಕ್ರಿಲಿಕ್ ವಾಶ್‌ಗೆ ಆ ದೋಷವಿಲ್ಲ. ಲ್ಯಾಕರ್ ಬಣ್ಣ ಬಳಿದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಪೂರ್ತಿ ಗಟ್ಟಿಯಾದ ಹೊರಮೈಗೆ ಎನಾಮೆಲ್, ಬರಿಯ ಪ್ಲಾಸ್ಟಿಕ್ ಇಣುಕುವ ಒಳಭಾಗಗಳಿಗೆ ಆಕ್ರಿಲಿಕ್ ಎಂದು ನಾನು ಹಂಚಿಕೊಂಡಿರುವುದು ಇದೇ ಕಾರಣಕ್ಕೆ.

ಎರಡನೆಯ ತೊಡಕು ಅಳತೆಯದು. ನಿಜವಾದ ಕಾರಿನ ಬಾಗಿಲಿನ ಸಂದು 4 ಮಿಲಿಮೀಟರ್ ಎಂದುಕೊಂಡರೆ 1/24 ಪ್ರಮಾಣದಲ್ಲಿ ಅದು ಸುಮಾರು 0.17 ಮಿಲಿಮೀಟರ್ ಆಗಬೇಕು. ಕಿಟ್‌ಗಳಲ್ಲಿ ಅಚ್ಚಾದ ಗೆರೆ ಸಾಮಾನ್ಯವಾಗಿ ಇದಕ್ಕಿಂತ ಅಗಲ. ಆ ಅಗಲದ ತುಂಬ ಕಪ್ಪು ತುಂಬಿದರೆ ಬಿಳಿ ಅಥವಾ ಹಳದಿ ಕಾರು ಪೆನ್ನಿನಿಂದ ಗೆರೆ ಎಳೆದ ಚಿತ್ರದಂತಾಗುತ್ತದೆ. ಬೊಂಬೆಯಲ್ಲಿ ನೆರಳನ್ನು ಉತ್ಪ್ರೇಕ್ಷಿಸುವುದು ಆ ಕಲೆಯ ರೀತಿ, ಕಾರಿಗೆ ಅದು ಸಲ್ಲದು. ಬಿಳಿಗೆ ಮಧ್ಯಮ ಬೂದು, ಹಳದಿಗೆ ಕಂದು, ಕೆಂಪಿಗೆ ಗಾಢ ಕೆಂಗಂದು, ಹೀಗೆ ಮೈಬಣ್ಣದ್ದೇ ಗಾಢ ಛಾಯೆಯನ್ನು ಆರಿಸಿಕೊಳ್ಳಬೇಕು. ಛಾಯೆಗಳ ಈ ವೈವಿಧ್ಯದಲ್ಲಿ ಮಿನಿಯೇಚರ್ ವಾಶ್‌ಗಳು ಎನಾಮೆಲ್ ಸೀಸೆಗಳಿಗಿಂತ ಶ್ರೀಮಂತವಾಗಿವೆ ಎಂಬುದನ್ನು ಒಪ್ಪಲೇಬೇಕು.

ಅಂಟುವಿಕೆಯ ಬಗ್ಗೆಯೂ ಹೇಳಬೇಕು. ಕುಂಚದಿಂದ ಹಚ್ಚುವ ನೀರು ಆಧಾರಿತ ಮಿನಿಯೇಚರ್ ಬಣ್ಣಗಳು ಲ್ಯಾಕರ್‌ನಂತೆ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುವುದಿಲ್ಲ. ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಇಲ್ಲದಿದ್ದರೆ ಉಗುರು ತಾಗಿದರೂ ಕೀಳುತ್ತವೆ, ಮಾಸ್ಕಿಂಗ್ ಟೇಪ್ ತೆಗೆಯುವಾಗ ಅದರೊಂದಿಗೇ ಏಳುತ್ತವೆ. ಹಾಗಾಗಿ ಪ್ರೈಮರ್ ಕಡ್ಡಾಯ, ಟೇಪ್ ಹಚ್ಚಬೇಕಾದ ಕೆಲಸವಿದ್ದರೆ ಅದನ್ನು ಲ್ಯಾಕರ್‌ನಲ್ಲೇ ಮೊದಲು ಮುಗಿಸಿಕೊಳ್ಳುವುದು ಲೇಸು. ಕ್ರೋಮ್ ಲೇಪಿಸಿದ ಗ್ರಿಲ್ಲಿಗೆ ಪ್ರೈಮರ್ ಹಾಕುವಂತಿಲ್ಲವಾದರೂ ಸಂದುಗಳಲ್ಲಿ ಇಳಿದ ಕಪ್ಪು ವಾಶ್‌ಗೆ ಬೆರಳು ತಾಕಿಸದಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ.

ಸೀಸೆಗಳ ವಿಷಯದಲ್ಲಿ ನನ್ನ ಒಲವು ಹನಿ ಹನಿಯಾಗಿ ಬೀಳಿಸುವ ಮೂತಿಯುಳ್ಳ ವಲೆಹೋ ಸೀಸೆಯ ಕಡೆಗೆ, ಏಕೆಂದರೆ ಮೀಡಿಯಂ ಜೊತೆ ಎಷ್ಟಕ್ಕೆಷ್ಟು ಬೆರೆಸಿದೆವೆಂದು ಹನಿಗಳಲ್ಲೇ ಲೆಕ್ಕವಿಡಬಹುದು. ಸಿಟಡೆಲ್ ಶೇಡ್‌ಗಳು 2022ರಲ್ಲಿ ಹೊಸ ಸೂತ್ರಕ್ಕೆ ಬದಲಾದಾಗ ಡಬ್ಬಿಯ ಪ್ರಮಾಣ 24 ಮಿಲಿಲೀಟರ್‌ನಿಂದ 18ಕ್ಕೆ ಇಳಿಯಿತು. ಆದರೂ ಒಂದು ಕಾರಿನ ಎಂಜಿನ್ನಿಗೆ ಖರ್ಚಾಗುವುದು ಕೆಲವೇ ಹನಿಗಳು. ಎಂಜಿನ್ ಇರುವ ಕಿಟ್ ಕಟ್ಟುವವರು ಕಪ್ಪು ಮತ್ತು ಕಂದು ವಾಶ್ ಒಂದೊಂದು, ಮೀಡಿಯಂ ಒಂದು, ಕಪ್ಪು ಬೂದು ಮತ್ತು ಚರ್ಮದ ಕಂದು ಛಾಯೆಯ ಎರಡು ಮ್ಯಾಟ್ ಬಣ್ಣಗಳಿಂದ ಆರಂಭಿಸಬಹುದು. ಬಾನೆಟ್ ತೆರೆಯದ, ಒಳಗೆ ಎಂಜಿನ್ನೇ ಇಲ್ಲದ ಕಿಟ್‌ಗಳನ್ನು ಮಾತ್ರ ಕಟ್ಟುವವರಾದರೆ ಆ ಹಣವನ್ನು ಒಳ್ಳೆಯ ಕ್ಲಿಯರ್ ಕೋಟ್‌ಗೆ ಹಾಕುವುದೇ ಮೇಲು.